ಬೀಗರ ಕುರಿಯನ್ನು ಊಟಕ್ಕೆ ಕರೆದದ್ದು

ನಿಮ್ಮ ಬೀಗರ ಎದುರಿಗೇ ಕುಕ್ಕರುಗಾಲಲ್ಲಿ ಕುಳಿತು, ಅವರ ಕುರಿಯ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ ನೋಡಿದ್ದೀರಾ, ಯಾವತ್ತಾದರೂ? ಇಲ್ಲವೇ? ಹಾಗಾದರೆ ನೀವಿನ್ನೂ ಮರ್ಯಾದಸ್ಥರು. ಬನ್ನಿ, ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ. ತೀರಾ ಹತ್ತಿರ ಮಾತ್ರ ಬೇಡ, ಚುಚ್ಚುತ್ತೇನೆ.

ಚುಚ್ಚುವುದು ನನ್ನ ಸೀರೆ. ಮಾತೂ ಚುಚ್ಚುತ್ತದೆ ಎಂದು ಸೊಸೆ ನಾಗಮ್ಮ ಹೇಳುತ್ತಾಳೆ, ಅದು ಬೇರೆ ವಿಷಯ. ಇವತ್ತು ಪೆಟ್ಟಿಗೆಯಿಂದ ತೆಗೆದ ನಾರಾಯಣಪೇಟೆ ಸೀರೆ ಉಟ್ಟು, ದಾರಿ ಹತ್ತಿರವಾಗುತ್ತದೆಂದು ಊರಿನ ಹುಲ್ಲುಗಾವಲಿನ ನಡುವೆಯೇ ನಡೆದು ಬಂದೆ. ಹತ್ತಿರವಾಗುತ್ತದೆ ಎನ್ನುವುದು ಸುಳ್ಳು. ಸೀರೆ ಉಟ್ಟ ದಿನ ಹುಲ್ಲಿನೊಳಗೆ ನಡೆದರೆ ದೊರೆಸಾನಿಯ ಹಾಗೆ ಕಾಣುತ್ತೇನೆ ಎಂದು ನನ್ನ ನಂಬಿಕೆ. ಉಟ್ಕೂರಿನ ಷೇರ್ ಆಟೋ ಹತ್ತಿ ಕುಳಿತ ಮೇಲೆ ನೋಡಿದರೆ ಅಂಚಿನ ತುಂಬ ಹುಲ್ಲಿನ ಬೀಜ. ಒಂದು ತುದಿ ಸೂಜಿ, ಇನ್ನೊಂದು ತುದಿ ಉದ್ದ ಬಾಲ. ಬಾಲ ತಿರುಚಿಕೊಂಡಷ್ಟೂ ಸೂಜಿ ಒಳಗೆ ಇಳಿಯುತ್ತದೆ. ಪಕ್ಕದ ಹೆಂಗಸು ಚಿವುಟಿದವಳು ನಾನೇ ಎಂದುಕೊಂಡು ತನ್ನ ಚೀಲವನ್ನು ನಮ್ಮಿಬ್ಬರ ನಡುವೆ ಗೋಡೆಯ ಹಾಗೆ ಇಟ್ಟಳು. ಆ ಗೋಡೆಯ ಮೇಲೆ ಫೋನಿಟ್ಟುಕೊಂಡೇ ಇದನ್ನು ಬರೆಯಲು ಶುರು ಮಾಡಿದೆ. ಫೋನಿನಲ್ಲಿ ಬರೆಯುವುದನ್ನು ಮೊಮ್ಮಗಳು ಈಚೆಗೆ ಕಲಿಸಿದಳು. ನಾನು ಒಂದು ಅಕ್ಷರ ಒತ್ತುವುದರೊಳಗೆ ಮುಂದಿನ ಮಾತು ಇದೇ ಇರಬೇಕು ಎಂದು ಫೋನು ತಾನೇ ಹೇಳುತ್ತದೆ, ನಮ್ಮ ಅತ್ತೆಯವರ ಹಾಗೆ. ಆದರೆ ಫೋನು ಹೇಳಿದ್ದನ್ನು ಒರೆಸಿ ಹಾಕಬಹುದು.

ಉಟ್ಕೂರಿಗೆ ಯಾಕೆ ಹೊರಟಿದ್ದೇನೆ ಎಂದು ಕೇಳಲಿಲ್ಲವಲ್ಲ ನೀವು. ಕುರಿಗಳನ್ನು ಊಟಕ್ಕೆ ಕರೆಯಲು. ಕೈಚೀಲದಲ್ಲಿ ಕುಂಕುಮದ ಭರಣಿ ಇದೆ, ಎಲೆ ಅಡಿಕೆ ಇದೆ. ನಗಬೇಡಿ, ಹಿಂದಿನ ಕಥೆ ಕೇಳಿ.

ನಮ್ಮೂರು ಮಖ್ತಲ್ ರಸ್ತೆಯಿಂದ ಒಳಗೆ. ಊರ ಹೊರಗೆ ಎಲ್ಲರ ದನಕರು ಮೇಯುವ ಒಂದು ಗಾಯರಾಣ. ನಾನು ಮದುವೆಯಾಗಿ ಬಂದಾಗ ಅಲ್ಲಿ ಕರು ಹೊಕ್ಕರೆ ಬಾಲ ಮಾತ್ರ ಕಾಣುವಷ್ಟು ಹುಲ್ಲು. ಆಮೇಲೆ ಸರ್ಕಾರಿ ಜಾಲಿ ಬಂತು. ಯಾರೂ ಕರೆಯದೆ ಬಂದು, ಯಾರು ಹೇಳಿದರೂ ಹೋಗದೆ, ಕಡಿದಷ್ಟೂ ಕವಲೊಡೆದು ನಿಂತಿತು. ಅದರ ಬುಡದಲ್ಲಿ ಹುಲ್ಲು ಏಳಲಿಲ್ಲ. ಒಲೆಗೆ ಕಟ್ಟಿಗೆ ಸಿಕ್ಕಿತಲ್ಲ ಎಂದು ನಾವೂ ಸುಮ್ಮನಿದ್ದೆವು. ಮುಳ್ಳು ಎಷ್ಟು ದಟ್ಟವಾಯಿತೆಂದರೆ, ಒಳಗೆ ಹೋದ ನಮ್ಮ ಕೋಳಿಯೊಂದು ಎಷ್ಟೋ ದಿನದ ಮೇಲೆ ಮರಿಗಳ ಸಮೇತ ಹೊರಗೆ ಬಂತು. ಒಳಗೆ ಹುಡುಕಲು ಯಾರಿಗೂ ಧೈರ್ಯ ಬಂದಿರಲಿಲ್ಲ.

ಕೊನೆಗೆ ಊರಿನ ಹೆಂಗಸರ ಸಂಘದವರೆಲ್ಲ ಸೇರಿ ಜಾಲಿ ಕೀಳಿಸಿ ಹುಲ್ಲು ಬೆಳೆಸೋಣ ಎಂದೆವು. ಎಂದೆವು ಅಷ್ಟೇ, ಜಗಳ ಶುರು. ಕಟ್ಟಿಗೆಗೆ ಎಲ್ಲಿ ಹೋಗಬೇಕೆಂದು ಕೆಲವರು. ಹುಲ್ಲು ಯಾಕೆ, ಗಿಡ ನೆಡಿರಿ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದು ಕೆಲವರು. ಮಾವಿನ ಗಿಡ ನೆಟ್ಟರೆ ಉಪ್ಪಿನಕಾಯಿಗಾದೀತು ಎಂದು ನಾನೂ ಬಾಯಿ ಹಾಕಿದ್ದೆ. ಗದ್ವಾಲದಿಂದ ಈ ಹುಲ್ಲಿನ ಕೆಲಸಕ್ಕೆಂದೇ ಬರುತ್ತಿದ್ದ ಹುಡುಗಿಯೊಬ್ಬಳು ಸಮಾಧಾನವಾಗಿ ತಿಳಿಸಿ ಹೇಳಿದಳು. ಹುಲ್ಲು ಇರುವ ನೆಲವೆಂದರೆ ಖಾಲಿ ಬಿದ್ದ ನೆಲವಲ್ಲ. ನೀರು ಹಿಡಿಯುವುದೂ ಅದೇ, ಚಿಗರಿ, ಅಂದರೆ ಜಿಂಕೆ, ಬರುವುದೂ ಅಲ್ಲಿಗೇ, ಮರ ನೆಟ್ಟರೆ ಎರಡೂ ಕೆಡುತ್ತವೆ ಎಂದಳು. ಜಾಲಿಯ ಕಾಯಿ ತಿಂದ ಕುರಿ ಮೇಕೆಗಳ ಹಿಕ್ಕೆಯಲ್ಲಿ ಬೀಜ ಹಾಗೇ ಬಂದು ಮತ್ತೆ ಮೊಳೆಯುತ್ತದೆ ಎಂದೂ ಹೇಳಿದಳು. ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ತಲೆಯಲ್ಲಿ ಜಾಗ ಬಹಳ ಇತ್ತು ಎಂದು ನಾಗಮ್ಮ.

ಜೆಸಿಬಿ ಬಂತು, ಜಾಲಿ ಹೋಯಿತು, ಹುಲ್ಲಿನ ಬೀಜ ಎರಚಿದ್ದಾಯಿತು. ಬೆಳೆದ ಹುಲ್ಲು ಬೀಜ ಉದುರಿಸುವ ತನಕ ಯಾರ ದನವೂ ಒಳಗೆ ಬರಕೂಡದು ಎಂದು ಕಟ್ಟಳೆ ಮಾಡಿ, ಕಾಯಲು ನನ್ನನ್ನು ಕೂರಿಸಿದರು. ನನ್ನ ಧ್ವನಿ ಅಂಥದು. ಪಕ್ಕದ ಮನೆಯ ಹನುಮವ್ವನ ಎಮ್ಮೆ ಒಮ್ಮೆ ಬಾಯಿ ಹಾಕಿತು. ನಾನು ಬೈದ ಬೈಗುಳಕ್ಕೆ ಎಮ್ಮೆ ಆ ಸಂಜೆ ಹಾಲೇ ಕೊಡಲಿಲ್ಲವೆಂದು ಹನುಮವ್ವ ಇವತ್ತಿಗೂ ಹೇಳುತ್ತಾಳೆ. ಕುರಿಯವರು, ಮೇಕೆಯವರು, ಎಲ್ಲರನ್ನೂ ಹಿಂದಕ್ಕೆ ಕಳಿಸಿದೆ. ಊರಲ್ಲಿ ನನ್ನನ್ನು, ಪೊಲೀಸಿನವರನ್ನು ಕರೆಯುವ ಹಾಗೆ, ಅಮೀನ್ ಸಾಹೇಬ ಎನ್ನತೊಡಗಿದರು. ಒಳಗೊಳಗೆ ಖುಷಿಯೇ.

ಆಗ ಬಂದರು, ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ, ನಮ್ಮ ಬೀಗರು. ನಾಗಮ್ಮನ ತಂದೆ, ಉಟ್ಕೂರಿನ ಮಲ್ಲಪ್ಪ. ಅವರೂ ನಾವೂ ಬೀರಪ್ಪನ ಒಕ್ಕಲೇ. ನಾವು ನೇಗಿಲು ಹಿಡಿದು ಕುರಿ ಬಿಟ್ಟೆವು, ಅವರು ಬಿಡಲಿಲ್ಲ. ಹೆಗಲ ಮೇಲೆ ಕಂಬಳಿ, ಹಿಂದೆ ರಸ್ತೆ ತುಂಬ ಕುರಿ. ಬೀಗರು ಬಂದರೆಂದು ನಾಗಮ್ಮ ಕಾಲಿಗೆ ನೀರು ತಂದಳು, ಮನೆಯ ಹುಂಜವನ್ನು ಹಿಡಿಸಿದಳು. ನನ್ನ ಮಗ, ಅಂದರೆ ಅವರ ಅಳಿಯ, ಮುಂದೆ ಏನಾಗುತ್ತದೆಂದು ಬಲ್ಲವನಾದ್ದರಿಂದ ನಾರಾಯಣಪೇಟೆಯಲ್ಲಿ ಜರೂರು ಕೆಲಸವಿದೆಯೆಂದು ಬಸ್ಸು ಹತ್ತಿದ.

ಮಲ್ಲಪ್ಪ ಕಟ್ಟೆಯ ಮೇಲೆ ಕುಳಿತು, ಮೊದಲು ಕುರಿ ಉಣ್ಣಲಿ, ಆಮೇಲೆ ನಾನು ಉಣ್ಣುತ್ತೇನೆ ಎಂದರು. ಕಣ್ಣು ಗಾಯರಾಣದ ಕಡೆ. ನಾನು ಕಟ್ಟಳೆ ಹೇಳಿದೆ. ಅವರು ಎಲ್ಲಾ ಕೇಳಿ, ಬೆರಳು ಮಾಡಿ ತೋರಿಸಿದರು. ಗಾಯರಾಣದ ನಡುವೆ ಚಿಗರಿಗಳ ಹಿಂಡು ನೆಮ್ಮದಿಯಾಗಿ ಮೇಯುತ್ತಿತ್ತು.

"ಅವು ಯಾರ ಬೀಗರ್ರಿ?"

ಮಾತಿನಲ್ಲಿ ಸೋತಾಗ ನಾನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತೇನೆ. ಆವತ್ತು ಸಿಕ್ಕಿದ್ದು ಒಂದು ಕಡ್ಡಿ. ಅಂಗಳದಲ್ಲಿ ಬಿದ್ದ ಹಿಕ್ಕೆಯ ಮುಂದೆ ಕುಳಿತು ಒಂದೊಂದನ್ನೇ ಒಡೆದೆ. ಜಾಲಿಯ ಬೀಜ ಕಂಡಿತು. ಇನ್ನೊಂದು ಒಡೆದೆ, ಅದರಲ್ಲೂ ಇತ್ತು. ಚಿನ್ನ ಸಿಕ್ಕವಳ ಹಾಗೆ ಎತ್ತಿ ಹಿಡಿದು ತೋರಿಸಿದೆ. ಚಿಗರಿಯ ಹೊಟ್ಟೆ ನಾನು ಕಾಣೆ, ನಿಮ್ಮ ಕುರಿಯ ಹೊಟ್ಟೆಯಲ್ಲಿ ಮಾತ್ರ ಜಾಲಿಯ ಕಾಡೇ ಇದೆ ಎಂದೆ. ಓಣಿಯ ಜನ ಸೇರಿದ್ದರು. ಯಾರೋ ನಕ್ಕರು.

ಮಲ್ಲಪ್ಪ ಎದ್ದು ನಿಂತು ಕಂಬಳಿ ಕೊಡವಿದರು. "ಬೀಗರ ಕುರಿಗೆ ಪಂಚನಾಮಿ ಮಾಡಿದ ಊರು ಇದೊಂದೇ. ನಿಮ್ಮ ಹುಲ್ಲು ನೀವೇ ತಿನ್ರಿ."

ಹಾಗೆ ಹೇಳಿ, ಒಂದು ತುತ್ತು ಉಣ್ಣದೆ, ಕುರಿ ಹೊಡೆದುಕೊಂಡು ಧರೂರು ಕಡೆ ಹೊರಟೇ ಹೋದರು. ಅಲ್ಲಿ ಕಾಲುವೆಯ ಭತ್ತ ಕೊಯ್ದ ಗದ್ದೆಗಳಿವೆ, ಯಾರೂ ಹಿಕ್ಕೆ ಕೆದಕುವುದಿಲ್ಲ. ಪಾಪ, ಹುಂಜ ಸುಮ್ಮನೆ ಜೀವ ಬಿಟ್ಟಿತ್ತು. ನಾವಾದರೂ ಉಣ್ಣೋಣವೆಂದರೆ ನಾಗಮ್ಮ ತಟ್ಟೆ ಮುಟ್ಟಲಿಲ್ಲ.

"ಅತ್ತಿ, ನಿಮ್ಮ ಹುಲ್ಲು ಬೆಳೀಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮಪ್ಪ ಮಗಳ ಮನಿಯಿಂದ ಹಸಗೊಂಡು ಹೋದ. ಇನ್ನ ಮ್ಯಾಲ ನಾ ಯಾವ ಮಾರಿ ಹೊತ್ತು ತವರಿಗೆ ಹೋಗ್ಲಿ?"

ಈ ವರ್ಷ ನಾಗರ ಪಂಚಮಿಗೆ ಅವಳು ತವರಿಗೆ ಹೋಗಲಿಲ್ಲ. ಹಗ್ಗ ಕಟ್ಟಿದ ಜೋಕಾಲಿಯಲ್ಲಿ ಊರ ಹೆಣ್ಣುಮಕ್ಕಳೆಲ್ಲ ಜೀಕುತ್ತಿದ್ದರೆ ಅವಳು ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಎಂದಿಗಿಂತ ಜೋರಾಗಿತ್ತು. ಅದು ಮರದ ಕೊಣಮಿಗೆಯಲ್ಲಿನ ಹಿಟ್ಟಿಗೆ ಬೀಳುತ್ತಿದ್ದ ಪೆಟ್ಟಲ್ಲ ಎಂದು ನನಗೆ ತಿಳಿಯುತ್ತಿತ್ತು.

ಹುಲ್ಲಾದರೂ ಸುಖವಾಗಿತ್ತೇ? ಅದೂ ಇಲ್ಲ. ಬೀಜವೇನೋ ಉದುರಿತು, ಗಾಯರಾಣ ತೆರೆದೆವು. ಆದರೆ ನಾನು ಬೈದು ಕಳಿಸಿದವರು ಯಾರೂ ತಿರುಗಿ ಬರಲಿಲ್ಲ; ಹನುಮವ್ವನ ಎಮ್ಮೆ ಕೂಡ ಆ ಕಡೆ ಮುಖ ಹಾಕಲಿಲ್ಲ. ತಿನ್ನುವ ಬಾಯಿಯಿಲ್ಲದೆ ಹುಲ್ಲು ನಿಂತಲ್ಲೇ ಒಣಗಿ, ಮಲಗಿ, ಹಾಸಿಗೆಯಾಯಿತು. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿ ಬಿದ್ದರೆ ಗತಿಯೇನು ಎಂದು ನನಗೆ ನಿದ್ದೆ ಹತ್ತಲಿಲ್ಲ. ಮಳೆ ಬಂದಾಗ ಆ ಹಾಸಿಗೆಯ ಕೆಳಗೆ ಹೊಸ ಚಿಗುರು ಬೆಳಕು ಕಾಣದೆ ಬೆಳ್ಳಗೆ, ಬಡಕಲಾಗಿ ಎದ್ದಿತು. ಗದ್ವಾಲದ ಹುಡುಗಿ ನೋಡಿ, ಬೀಜ ಬೀಳುವ ತನಕ ಬಾಯಿ ಬೇಡ, ಬಿದ್ದ ಮೇಲೆ ಬಾಯಿ ಬೇಕೇ ಬೇಕು, ಈ ವರ್ಷ ಕುರಿ ಬರದಿದ್ದರೆ ಹುಲ್ಲು ಕೆಡುತ್ತದೆ ಎಂದಳು. ಸಂಘದವರೆಲ್ಲ ನನ್ನ ಕಡೆ ತಿರುಗಿದರು. ನಾನು ಚಾವಣಿ ನೋಡಿದೆ. ಬೀಗರ ಕುರಿ ಮೊದಲು ಒಳಗೆ ಬಂದರೆ ಉಳಿದವರು ತಾವಾಗಿಯೇ ಬರುತ್ತಾರೆ ಎಂದು ಹನುಮವ್ವ ಸಭೆಯಲ್ಲೇ ಹೇಳಿದಳು. ಎಮ್ಮೆಯ ಸೇಡು ತೀರಿಸಿಕೊಂಡಳು.

ಹೀಗೆ ಹೊರಟೆ. ಕುಂಕುಮದ ಭರಣಿ ತಂದು ನನ್ನ ಚೀಲದಲ್ಲಿ ಇಟ್ಟವಳು ನಾಗಮ್ಮನೇ.

ಇಲ್ಲಿಯವರೆಗೆ ಆಟೋದಲ್ಲಿ ಬರೆದದ್ದು. ಇನ್ನು ಮುಂದಿನದನ್ನು ಎಲ್ಲಿ ಕುಳಿತು ಬರೆಯುತ್ತಿದ್ದೇನೆ ಗೊತ್ತೇ? ಕುರಿ ಹಟ್ಟಿಯೊಳಗೆ. ಉಪಮೆಯಲ್ಲ, ನಿಜವಾದ ಹಟ್ಟಿ. ಸುತ್ತ ಬೇಲಿ, ಎದುರಿಗೊಂದು ಕುರಿಮರಿ ನನ್ನ ಚೀಲದ ವೀಳ್ಯದೆಲೆ ಜಗಿಯುತ್ತಿದೆ.

ಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದರು. ನಾನು ಹೊಸ್ತಿಲ ತನಕ ಹೋದೆ. ಅವರು ನನ್ನ ಮುಖ ನೋಡಲಿಲ್ಲ, ಸೀರೆಯ ಅಂಚು ನೋಡಿದರು.

"ಅಲ್ಲೇ ನಿಂದರ್ರಿ ಬೀಗತ್ಯಾರ. ಸೀರಿ ತುಂಬ ಬೀಜ ಹೊತ್ತು ಬಂದೀರಿ, ನಮ್ಮ ಕುರಿ ಬಾಯಿಗೆ ಚುಚ್ಚಿದ್ರ ಯಾರು ಹೊಣಿ? ಹಟ್ಟ್ಯಾಗ ಕುಂತು ಎಲ್ಲಾ ಆರಿಸಿ ತಗೀರಿ. ನಾ ಬಂದು ಪಂಚನಾಮಿ ಮಾಡ್ತೀನಿ, ಆಮ್ಯಾಲ ಒಳಗ ಬರೂದು."

ಹಟ್ಟಿ ಮನೆಯ ಪಕ್ಕದಲ್ಲೇ. ಬಂದು ಕುಳಿತೆ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವರ ಏಳು ತಲೆಮಾರನ್ನೂ ಎಬ್ಬಿಸುತ್ತಿದ್ದೆ. ಇವತ್ತು ಒಂದೊಂದೇ ಸೂಜಿ ಕಿತ್ತು ಸೆರಗಿನ ತುದಿಯಲ್ಲಿ ಕಟ್ಟುತ್ತಿದ್ದೇನೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನೋಡಲಿ. ಆವತ್ತು ನಮ್ಮ ಓಣಿಯವರೂ ನೋಡಿದ್ದರಲ್ಲ.

ಕೀಳುತ್ತಾ ಕೀಳುತ್ತಾ ಕೈ ಸುಮ್ಮನಿರದೆ ಒಂದು ಕಡ್ಡಿ ಎತ್ತಿಕೊಂಡಿತು. ಹಟ್ಟಿಯ ತುಂಬ ಹಿಕ್ಕೆ. ಒಂದು ಒಡೆದೆ. ಜಾಲಿಯ ಬೀಜ ಇಲ್ಲ. ಆ ಮೂಲೆಯದು ಒಡೆದೆ, ಈ ಮೂಲೆಯದು, ಹಳೆಯದು, ಹೊಸದು. ಎಲ್ಲೂ ಇಲ್ಲ. ಊರ ಸುತ್ತ ಜಾಲಿಯ ಕಾಯಿ ಉದುರಿ ಬಿದ್ದಿರುವ ಈ ದಿನಗಳಲ್ಲಿ ಕುರಿಯ ಹೊಟ್ಟೆ ಇಷ್ಟು ಶುದ್ಧವಾಗಿರಬೇಕಾದರೆ, ಯಾರೋ ದಿನಗಟ್ಟಲೆ ಅವುಗಳನ್ನು ಆ ಕಡೆ ಬಿಡದೆ ಬೇರೆ ದಾರಿಯಲ್ಲಿ ಮೇಯಿಸಿರಬೇಕು. ಕರೆ ಬರುತ್ತದೆಂದು ಕಾದವರು ಮಾತ್ರ ಮಾಡುವ ಕೆಲಸ ಅದು. ನನಗೆ ಯಾಕೋ ಕಣ್ಣು ಮಂಜಾಯಿತು. ಹಟ್ಟಿಯ ವಾಸನೆಗೆ ಇರಬೇಕು.

ತಲೆ ಎತ್ತಿದರೆ ಬೇಲಿಯಾಚೆ ಮಲ್ಲಪ್ಪ. ಕಡ್ಡಿ ಇನ್ನೂ ಕೈಯಲ್ಲೇ ಇತ್ತು. ಬಚ್ಚಿಡಲು ತಡವಾಗಿತ್ತು. ಏನಾದರಾಗಲಿ ಎಂದು, ನಾಗಮ್ಮ ನಿಮ್ಮ ಹಾದಿ ನೋಡುತ್ತಿದ್ದಾಳೆ, ಕುರಿ ಹೊಡೆದುಕೊಂಡು ಬನ್ನಿ, ನಮ್ಮ ಮನೆಯಲ್ಲಿ ಕುಳಿತು ಉಣ್ಣಿ ಎಂದು ಕೇಳಿಯೇಬಿಟ್ಟೆ.

ಅವರು ಕಡ್ಡಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಬರ್ತೀನ್ರಿ. ಕುರಿ ಹೊಟ್ಟಿ ನೋಡಿದ್ದು ಆತಲ್ಲ, ಉಂಡು ಎದ್ದ ಮ್ಯಾಲ ಆ ಕಡ್ಡಿ ಹಿಡಕೊಂಡು ನನ್ನ ಹಿಂದ ಬರಬ್ಯಾಡ್ರಿ."