ಅಕ್ಕನ ಮನೆಯ ಜರ್ಮನ್ ಹಾಡು

ಅಕ್ಕನಿಗೆ ನಾನು ಕೊಟ್ಟ ಹಳೆಯ ಫೋನಿನಲ್ಲಿ ಆ ಹಾಡುಗಳು ಉಳಿದುಕೊಂಡಿದ್ದವು. ಬೇಕೆಂದು ಉಳಿಸಿದ್ದಲ್ಲ, ಅಳಿಸುವುದು ಮರೆತಿತ್ತು. ಬೆಂಗಳೂರಿನಲ್ಲಿ ಎಂ.ಎ. ಓದುವಾಗ ಸಂಜೆಯ ಜರ್ಮನ್ ತರಗತಿಗೆ ಸೇರಿದ್ದೆ. ಪಾಠ ಹೇಳುತ್ತಿದ್ದ ಮೇಷ್ಟರು ಕಿವಿ ಪಳಗಲಿ ಎಂದು ಆ ಧ್ವನಿಮುದ್ರಣ ಕೊಟ್ಟಿದ್ದರು. ಒಬ್ಬ ಹೆಂಗಸು, ಒಂದು ಪಿಯಾನೊ, ಬೇರೇನೂ ಇಲ್ಲ. ಅವಳದು ಸೊಪ್ರಾನೊ, ಹೆಣ್ಣು ದನಿಗಳಲ್ಲೇ ಎಲ್ಲಕ್ಕಿಂತ ಎತ್ತರದ್ದು. ಅದರಲ್ಲಿ ಒಂದು ಹಾಡು ಪಿಯಾನೊದ ತಗ್ಗು ಸ್ವರದ ಮನೆಗಳನ್ನು ಗುದ್ದುತ್ತಾ ಶುರುವಾಗುತ್ತದೆ. ಆಮೇಲೆ ಆ ದನಿ ಮೆಟ್ಟಿಲು ಹತ್ತದೆ ನೇರ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ.

ಅಕ್ಕನಿಗೆ ಅದೊಂದು ಹಾಡು ಹಿಡಿಸಿತ್ತು. ಅರ್ಥ ಕೇಳಿದಳು.

"ಗಾಳಿಗೆ ಬಾಗಿಲು ಹಾಕು ಅಂತ ಹೇಳ್ತಾಳೆ."

"ಅಷ್ಟಕ್ಕೇ ಇಷ್ಟೊಂದು ಬಾಯಾ?" ಎಂದು ಅಕ್ಕ ನಕ್ಕಳು. ಆಗ ಅವಳಿಗೆ ಹಲ್ಲುಗಳೆಲ್ಲ ಇದ್ದವು.

ಅಕ್ಕನ ಮನೆ ಚಿನ್ನದ ಗಣಿಯಿದ್ದ ಕೋರಮಂಡಲ್‌ನಲ್ಲಿ, ಗಣಿ ಕೆಲಸಗಾರರಿಗೆಂದು ಕಟ್ಟಿದ ಹಳೆಯ ಮನೆಸಾಲಿನಲ್ಲಿದೆ. ಆ ಸಾಲಿಗೆ ಲೈನು ಎನ್ನುತ್ತಾರೆ. ಭಾವನ ಅಪ್ಪ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಬೆಳೆದ ಭಾವ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಾನೆ. ಅಲ್ಲಿನ ಮನೆಗಳಿಗೆ ನಡುವಿನ ಗೋಡೆ ಒಂದೇ, ಅದೂ ತೆಳ್ಳಗೆ. ಈ ಮನೆಯಲ್ಲಿ ಸೀನಿದರೆ ಆ ಮನೆಯವರು ಮೂಗು ಒರೆಸಿಕೊಳ್ಳಬೇಕು. ಹಾಗಾಗಿಯೇ ಲೈನಿನ ಹೆಂಗಸರಲ್ಲಿ ಒಂದು ರೂಢಿ ಬೆಳೆದಿದೆ. ಯಾವ ಮನೆಯಲ್ಲಾದರೂ ಗಂಡ ಹೊಡೆಯುವುದು, ಹೆಂಡತಿ ಕಿರುಚುವುದು ಕೇಳಿಸಿದರೆ ಪಕ್ಕದವಳು ಊಟದ ತಟ್ಟೆಯನ್ನು ಗೋಡೆಗೆ ಬಡಿಯುತ್ತಾಳೆ. ಅವಳ ಪಕ್ಕದವಳು ಬಡಿಯುತ್ತಾಳೆ. ಲೈನೆಲ್ಲ ತಟ್ಟೆಯ ಸದ್ದು. ಗಂಡಸು ನಾಚಿಕೆಗೋ ಕಿರಿಕಿರಿಗೋ ಕೈ ಬಿಟ್ಟು ಹೊರಗೆ ಹೋಗುತ್ತಾನೆ.

ಆದರೆ ಅಕ್ಕ ಕಿರುಚುತ್ತಿರಲಿಲ್ಲ. ಬೂದಿಕೋಟೆ ಕಡೆಯ ನಮ್ಮ ಮನೆಯಲ್ಲಿ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಏಟು ತಿನ್ನುತ್ತಿದ್ದಳು. ಕೊಟ್ಟಿಗೆಯ ಹಸುಗಳು ಎದ್ದು ನಿಲ್ಲುತ್ತಿದ್ದವು, ಪಕ್ಕದ ಮನೆಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ಕಂಡೆನೋ, ಅಕ್ಕ ಹೇಳಿದ್ದನ್ನು ಕಂಡೆನೆಂದು ನಂಬಿದ್ದೇನೋ, ಬಿಡಿಸಿ ಹೇಳಲಾರೆ. ಅಕ್ಕನಂತೂ ಕಂಡು ಕಲಿತಿದ್ದಳು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಮುದುಕಿ ಅಕ್ಕನ ಬಾಯಿ ನೋಡಿದಳು. ಮುಂದಿನ ಹಲ್ಲೊಂದು ಇರಲಿಲ್ಲ. ಮುದುಕಿಯ ಮನೆಮಾತು ತಮಿಳು.

"ಎನ್ನಮ್ಮಾ ಇದು?"

"ಬಿದ್ದೆ ಅತ್ತೆ."

"ಬಾಯಿ ಮೇಲೇ ಬಿದ್ಯಾ? ಗೋಡೆ ಈ ಕಡೆ ನಾನಿದೀನಿ, ಕಿರುಚೋಕೆ ಏನಮ್ಮಾ ರೋಗ ನಿಂಗೆ?"

"ಬರಕಿಲ್ಲ ಅತ್ತೆ. ಬಾಯಿ ಕಟ್ಕೊಂಬಿಡ್ತದೆ."

"ಹಂಗಾದ್ರೆ ನಿನ್ ಫೋನಲ್ಲಿರೋ ಆ ವೆಳ್ಳಕ್ಕಾರಿನ ಬಿಡು. ಅವಳು ಕಿರುಚ್ಲಿ."

ಬಿಳಿ ಹೆಂಗಸನ್ನು ಮುದುಕಿ ಹಾಗೆ ಕರೆಯುತ್ತಿದ್ದಳು. ಆ ಹಾಡು ಲೈನಿನಲ್ಲಿ ಬೇರೆ ಯಾರ ಮನೆಯಲ್ಲೂ ಬರುವಂಥದ್ದಲ್ಲ, ಯಾವ ಸಿನಿಮಾ ಹಾಡಿನ ಜೊತೆಗೂ ಬೆರೆಯುವಂಥದ್ದಲ್ಲ. ಅದು ಕೇಳಿಸಿದರೆ ತಟ್ಟೆ ಬಡಿಯಬೇಕೆಂದು ಮುದುಕಿ ಲೈನಿಗೆಲ್ಲ ಹೇಳಿಟ್ಟಳು. ಭಾವ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಸಂಜೆ ಅಕ್ಕ ಸಣ್ಣ ಸ್ಪೀಕರಿನಲ್ಲಿ ಅದನ್ನು ಹಾಕುತ್ತಿದ್ದಳು. ಗೋಡೆಗಳಾಚೆ ತಟ್ಟೆಗಳು ಶುರುವಾಗುತ್ತಿದ್ದವು. ಭಾವನಿಗೆ ಗುಟ್ಟು ತಿಳಿಯಲಿಲ್ಲ. ಹಾಡಿನ ಗಲಾಟೆ ತಡೆಯಲಾರದೆ ಜನ ಬಡಿಯುತ್ತಿದ್ದಾರೆ ಎಂದುಕೊಂಡ.

"ನಿನ್ ಪಾಟಿಗೆ ಲೈನೇ ಬಡ್ಕೊಂತದೆ ಕಣೇ," ಎಂದು ಬೈದು ಹೊರಗೆ ಹೋಗುತ್ತಿದ್ದ. ಲೈನಿನಲ್ಲಿ ಹಾಡಿಗೆ ಎಲ್ಲರೂ ತಮಿಳಿನ ಪಾಟು ಎಂದೇ ಅನ್ನುವುದು.

ನಾನು ಬಂಗಾರಪೇಟೆಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಒಬ್ಬಳೇ ಇದ್ದೇನೆ. ನನ್ನ ಮನೆಗೆ ಬಾ ಎಂದು ಎಷ್ಟೋ ಸಲ ಕರೆದೆ. ಅಕ್ಕನದು ಒಂದೇ ಉತ್ತರ. "ಗೋಡೆಗೆ ಸುಣ್ಣ ಒಡ್ದೋಳು ನಾನು, ಸೂರಿಗೆ ತಗಡು ಒದಿಸ್ದೋಳು ನಾನು. ಓಗೋದಾದ್ರೆ ಅವನೋಗ್ಲಿ."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಮನೆಯಲ್ಲಿ ಏಟಿಲ್ಲದೆ ಇರುವುದು.

ಅವರೆಕಾಯಿ ಕಾಲಕ್ಕೆ ಮೊದಲು ಒಂದು ಸಂಜೆ ಭಾವ ತಟ್ಟೆಗಳಿಗೆ ಜಗ್ಗಲಿಲ್ಲ. ಅಕ್ಕನ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಅವಳ ಎಡಗಿವಿಯಿಂದ ರಕ್ತ ಬಂತು. ಆಮೇಲೆ ಮುದುಕಿ ಲೈನಿನ ಹೆಂಗಸರನ್ನು ಕೂಡಿಸಿ ಹೇಳಿದಳಂತೆ, ತಟ್ಟೆ ಸಾಲದು, ಇನ್ಮೇಲೆ ಪಾಟು ಕೇಳಿಸಿದ್ರೆ ಒಳಗೇ ಹೋಗೋದು, ಕೈಗೆ ಸಿಕ್ಕಿದ್ದು ತಗೊಂಡು.

ಇಷ್ಟಾದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ನಾನೂ ಅಕ್ಕನೂ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಭಾವ ಮುಂದಿನ ಕೋಣೆಯಲ್ಲಿ ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಕುಡಿದಿರಲಿಲ್ಲ. ನಾನು ಒಳಗೆ ಬರುವಾಗ, "ಏನ್ ಮೇಡಮ್ಮೋರು, ಬಂಗಾರ್‌ಪೇಟೆ ಪಾನಿಪೂರಿ ತರ್ಲಿಲ್ವಾ?" ಎಂದು ತಮಾಷೆ ಕೂಡ ಮಾಡಿದ್ದ.

ಮುಂದಿನ ಕೋಣೆಯಿಂದ ಪಿಯಾನೊ ಗುದ್ದತೊಡಗಿತು.

ಭಾವನೇ ಹಾಕಿದ್ದ. ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿಂದ ಮುಂದಿನದನ್ನು ನಾನು ಪೂರ್ತಿ ನಂಬುವುದಿಲ್ಲ. ನನ್ನ ನೆನಪಿನಲ್ಲಿ ನಾನು ಏಳಲು ಹೋಗುತ್ತೇನೆ, ಅಕ್ಕ ಒದ್ದೆ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು "ಕೂತ್ಕೋ" ಎನ್ನುತ್ತಾಳೆ. ಅಕ್ಕ ಹೇಳುವ ಪ್ರಕಾರ, ನೆಲದ ತುಂಬ ಸಿಪ್ಪೆಯಿತ್ತು, ನಾನು ಜಾರುತ್ತೇನೆಂದು ಹಿಡಿದಳು, ಅಷ್ಟೇ. ಮೊಣಕಾಲ ಮೇಲೆ ಒದ್ದೆ ಕೈಯ ಗುರುತು ಇದ್ದದ್ದು ನಿಜ. ಅವಳ ಹೆಬ್ಬೆರಳು ಹಿದುಕುವುದನ್ನು ನಿಲ್ಲಿಸಲಿಲ್ಲ ಎಂಬುದೂ ನಿಜವೆಂದುಕೊಂಡಿದ್ದೇನೆ. ಕಾಳು ಸಿಪ್ಪೆಯಿಂದ ಹಾರಿ ಪಾತ್ರೆಗೆ ಬೀಳುವ ಸದ್ದು ಹಾಡಿನ ನಡುವೆ ನನಗೆ ಕೇಳಿಸುತ್ತಿತ್ತು.

ಆ ದನಿ ಮೇಲಕ್ಕೆ ಹೋಯಿತು. ಮುಂಬಾಗಿಲು ಗೋಡೆಗೆ ಬಡಿಯಿತು.

ನಾವು ಬಂದು ನೋಡುವಾಗ ಭಾವ ನೆಲದ ಮೇಲಿದ್ದ. ಅರ್ಧ ಮುಖಕ್ಕೆ ನೊರೆ, ನೊರೆಯಲ್ಲಿ ರಕ್ತ. ಮುದುಕಿಯ ಕೈಯಲ್ಲಿ ಒನಕೆಯ ಮುರಿದ ತುಂಡು. ಇನ್ನೊಬ್ಬಳು ಕುಕ್ಕರಿನ ಮುಚ್ಚಳದಿಂದ ಅವನ ಬೆನ್ನಿಗೆ ಬಡಿಯುತ್ತಿದ್ದಳು, ರೊಟ್ಟಿ ತಟ್ಟುವಷ್ಟೇ ಸಮಾಧಾನವಾಗಿ. ಮೂರನೆಯವಳು ಅವನ ಕೂದಲು ಹಿಡಿದಿದ್ದಳು. ತಡೆಯಲು ಚಾಚಿದ ಅವನ ಬಲಗೈ ಮೇಲೆ ಒನಕೆಯ ತುಂಡು ಬಿತ್ತು. ಮೂಳೆಯ ಸದ್ದು ಹಸಿಕಡ್ಡಿಯ ಸದ್ದಿನಂತಿರಲಿಲ್ಲ, ಒಣಕಡ್ಡಿ ಮುರಿದಂತಿತ್ತು. ಸ್ಪೀಕರಿನಲ್ಲಿ ಅವಳು ಹಾಡುತ್ತಲೇ ಇದ್ದಳು. ನನ್ನ ಪಾಡಿಗೆ ನಾನು ಹೋಗಿ ಅದನ್ನು ಆರಿಸಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಹಾಡು ನಿಂತಾಗ ಎಲ್ಲರ ಕೈಯೂ ನಿಂತಿತು.

"ನಾನೇನ್ ಮಾಡಿದೆ ಇವತ್ತು?" ಎಂದ ಭಾವ, ಮುರಿದ ಕೈಯನ್ನು ಎದೆಗೊತ್ತಿಕೊಂಡು.

"ಪಾಟು ಬಂತು. ನಾವು ಬಂದ್ವಿ," ಎಂದಳು ಮುದುಕಿ.

"ಪಾಟ್ ಆಕಿದ್ದು ನಾನು ಕಣಮ್ಮೋ."

ಹೆಂಗಸರು ಅಕ್ಕನ ಕಡೆ ನೋಡಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

"ನೀನ್ಯಾಕಪ್ಪಾ ಹಾಕ್ದೆ?" ಎಂದು ಮುದುಕಿ ಭಾವನನ್ನು ಕೇಳಿದಳು.

"ಚೆನ್ನಾಗಿತ್ತು. ಅದ್ಕೇ."

ಮುದುಕಿ ಸ್ವಲ್ಪ ಯೋಚಿಸಿದಳು. "ಸರಿ ಬಿಡು. ಅವತ್ತು ಉದುರಿಸಿದ ಇವಳ ಹಲ್ಲಿಗೆ ಅಂತ ಇಟ್ಕೋ," ಎಂದು ಒನಕೆಯ ಎರಡೂ ತುಂಡು ಎತ್ತಿಕೊಂಡು ಹೋದಳು.

ಆ ಮನುಷ್ಯ ಯಾವಾಗ ಆ ಹಾಡನ್ನು ಇಷ್ಟಪಡಲು ಶುರುಮಾಡಿದ? ಹೊಡೆಯಲು ಕೈ ಎತ್ತಿದಾಗಲೆಲ್ಲ ಅವನ ಕಿವಿಗೆ ಬಿದ್ದದ್ದು ಅದು. ಬೆಂಗಳೂರಿನಲ್ಲಿ ಮೇಷ್ಟರ ಕೋಣೆಯಲ್ಲಿ ಕಣ್ಣು ಮುಚ್ಚಿ ಕೇಳಿದ ನನಗೂ ಅವನಿಗೂ ಹಿಡಿಸಿದ್ದು ಹಾಡಿನ ಒಂದೇ ಜಾಗವಿರಬಹುದೆಂಬ ಯೋಚನೆ ನನಗೆ ಇಷ್ಟವಾಗುವುದಿಲ್ಲ.

ಹೇಗೂ ಗುಟ್ಟು ಒಡೆದಿತ್ತು. ಆಸ್ಪತ್ರೆಯಿಂದ ಬ್ಯಾಂಡೇಜಿನ ಕೈ ತೂಗುಹಾಕಿಕೊಂಡು ಬಂದವನು ಸ್ಪೀಕರನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಪುಡಿ ಮಾಡಿದ. ಫೋನಿನಿಂದ ಹಾಡುಗಳನ್ನೆಲ್ಲ ತೆಗೆಸಿದ. ಅಕ್ಕನಿಗೆ ಹೇಳಿದನಂತೆ, "ಈಗ ಯಾವಳನ್ನ ಕರೀತೀಯ, ಕರಿ."

ನಾನು ಮತ್ತೆ ಹೋದದ್ದು ಇನ್ನೊಂದು ಭಾನುವಾರದ ಸಂಜೆ, ಇನ್ನೂ ಬೆಳಕಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾಯಿತು. ಭಾವ ತಟ್ಟೆ ಒದ್ದ. ಎಡಗೈಯಲ್ಲಿ ಅಕ್ಕನ ಜಡೆ ಹಿಡಿದು ಬಲಗೈಯ ಬ್ಯಾಂಡೇಜಿನಿಂದಲೇ ಅವಳ ಮುಖಕ್ಕೆ ಗುದ್ದಿದ. ಗಾರೆಯಂಥ ಗಟ್ಟಿ ಬ್ಯಾಂಡೇಜು. ನಾನು ಅವನ ಹೆಗಲು ಹಿಡಿದು ಎಳೆದೆ. ಮೊಣಕೈ ನನ್ನ ಮುಖಕ್ಕೆ ತಾಗಿ ಕನ್ನಡಕ ಹಾರಿತು. ಗೋಡೆ ಹಿಡಿದು ಕೂತೆ. ಅವನು ಮತ್ತೆ ಗುದ್ದಿದ. ಅಕ್ಕನ ಬಾಯಿಯಿಂದ ಮೊದಲು ರಕ್ತ ಬಂತು, ಆಮೇಲೆ ದನಿ.

ಆ ರಾತ್ರಿ ನನ್ನ ದಿನಚರಿಯಲ್ಲಿ "ಅಕ್ಕ ಹಾಡಿದಳು" ಎಂದು ಬರೆದಿದ್ದೇನೆ. ಆ ದನಿ ಕೆಳಗಿನಿಂದ ಎದ್ದು, ಮೆಟ್ಟಿಲಿಲ್ಲದೆ, ಅದೇ ಎತ್ತರಕ್ಕೆ ಹೋಗಿ ನಿಂತಿತು ಎಂದು. ಅಕ್ಕನಿಗೆ ಓದಿ ಹೇಳಿದರೆ ಬೈದಳು. "ನಾನೆಲ್ಲಿ ಆಡ್ದೆ? ಕಿರುಚ್ದೆ ಕಣೇ. ನೋವಾಯ್ತು, ಕಿರುಚ್ದೆ. ನಿನ್ ಓದಿಗಿಷ್ಟು ಬೆಂಕಿ ಆಕ." ಅವಳ ಮಾತೇ ಸರಿಯಿರಬೇಕು. ಕನ್ನಡಕವಿಲ್ಲದೆ ನಾನು ಏನೂ ಸರಿಯಾಗಿ ನೋಡಿಯೂ ಇರಲಿಲ್ಲ, ಕೇಳಿದ್ದಕ್ಕೆ ಹಳೆಯ ಹಾಡನ್ನು ಹಚ್ಚಿರಬಹುದು. ದಿನಚರಿಯ ಸಾಲನ್ನು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಅಕ್ಕನ ಮಾತನ್ನು ಬರೆದಿಟ್ಟಿದ್ದೇನೆ.

ಅಕ್ಕನ ಆ ದನಿಗೆ ಗೋಡೆಯಾಚೆ ಒಂದು ತಟ್ಟೆ ಬಡಿಯಿತು. ಇನ್ನೊಂದು. ಆಮೇಲೆ ಸದ್ದಿಲ್ಲ, ಚಪ್ಪಲಿಗಳ ಸಪ್ಪಳ. ಬಾಗಿಲಲ್ಲಿ ಹೆಂಗಸರು ಬಂದು ನಿಂತರು, ಒಳಗೆ ಬರಲಿಲ್ಲ. ಹೋದ ಸಲ ತಪ್ಪಾಗಿತ್ತಲ್ಲ. ಮುದುಕಿ ಹೊಸ ಒನಕೆಯನ್ನು ನೆಲಕ್ಕೂರಿ ಕೇಳಿದಳು.

"ಇವತ್ತು ಪಾಟಾ, ನಿಜಾನಾ?"

ಭಾವ ಜಡೆ ಬಿಟ್ಟ. "ಏನೂ ಇಲ್ಲ, ಓಗ್ರಮ್ಮ, ಮನೆ ಇಚಾರ," ಎಂದ.

"ನಿನ್ನ ಕೇಳ್ಲಿಲ್ಲಪ್ಪಾ."

ಅಕ್ಕ ಬಾಯಿಯಲ್ಲಿದ್ದದ್ದನ್ನು ನೆಲಕ್ಕೆ ಉಗಿದಳು.

"ನಿಜ," ಎಂದಳು. "ಇವನನ್ನ ಈಚೆಗ್ ಆಕಿ."

ಅವರು ಒಳಗೆ ಬಂದರು. ಭಾವ ಈಗ ಮಾರಿಕುಪ್ಪಂನಲ್ಲಿ ಅಣ್ಣನ ಮನೆಯಲ್ಲಿದ್ದಾನೆ.