ಟೀಚರು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿದ್ದು

ಬಿಸಿ ನೋಡಬೇಕಾದರೆ ನಮ್ಮ ವಿಜ್ಞಾನದ ಟೀಚರು ಅಂಗೈ ಮುಟ್ಟಿಸುತ್ತಿರಲಿಲ್ಲ, ಬೆರಳು ಮಡಚಿ ಗಿಣ್ಣು ತಾಗಿಸುತ್ತಿದ್ದರು. ಜ್ವರ ಬಂದ ಮಕ್ಕಳ ಹಣೆಗೂ ಅಷ್ಟೆ, ಚಹಾದ ಲೋಟಕ್ಕೂ ಅಷ್ಟೆ. ತೋರುಬೆರಳಿನ ಗಿಣ್ಣಿನ ಮೇಲೆ ಹುಣಸೆ ಬೀಜದಷ್ಟು ಅಗಲದ, ಹೊಳೆಯುವ ಸುಟ್ಟ ಕಲೆಯೊಂದಿತ್ತು. ಅದೇನೆಂದು ಕೇಳಿದರೆ, "ಕಬ್ಬಿಣದ ಗುಂಡು ಆರಿರ್ತೈತಿ ಅಂತ ಊಹೆ ಮಾಡಿದ್ದೆ. ಊಹೆ ತಪ್ಪಾತು," ಎಂದು ಪದಕ ತೋರಿಸಿದ ಹಾಗೆ ಬೆರಳು ಎತ್ತಿ ತೋರಿಸುತ್ತಿದ್ದರು.

ಅವರು ಬನವಾಸಿ ಕಡೆಯವರು. ಸಿದ್ದಾಪುರ ತಾಲೂಕಿನ ನಮ್ಮ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಅವರ ಮಾತು ಕೇಳಿ ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ಮಾತಿಗೂ ನನಗ ನಗು ಬರ್ತೈತಿ. ಇಬ್ರೂ ನಕ್ಕೋತ ಕಲಿಯೂಣು," ಎಂದರು.

ಯಾವುದೇ ಪ್ರಯೋಗ ತೋರಿಸುವ ಮೊದಲು ಏನಾಗಬಹುದೆಂದು ಪ್ರತಿಯೊಬ್ಬರೂ ಊಹಿಸಬೇಕಿತ್ತು. ಊಹೆಗಳೆಲ್ಲ ನಮ್ಮ ಹೆಸರಿನ ಸಮೇತ ಬೋರ್ಡಿನ ಮೇಲೆ ಬರುತ್ತಿದ್ದವು. ಪ್ರಯೋಗ ಮುಗಿದ ಮೇಲೆ ತಪ್ಪಾದವನ್ನು ಹೊಡೆದು ಹಾಕಿ, ಯಾರ ಊಹೆ ತಪ್ಪಿತೋ ಅವರನ್ನೇ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದರು. "ಇವರು ನಮಗ ಒಂದು ದಾರಿ ಮುಚ್ಚಿ ಕೊಟ್ಟಾರ. ಇನ್ನ ಆ ಕಡೆ ಹುಡುಕೂದು ಬ್ಯಾಡ." ಬೇರೆ ಕ್ಲಾಸುಗಳಲ್ಲಿ ಒಮ್ಮೆಯೂ ಬಾಯಿ ಬಿಡದ ನಾನು, ತುಂಬಿದ ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಹೊರಚೆಲ್ಲುತ್ತದೆ ಎಂದಿದ್ದೆ. ಒಂದು ಹನಿಯೂ ಚೆಲ್ಲಲಿಲ್ಲ. ಇಡೀ ಕ್ಲಾಸು ನನಗೆ ಚಪ್ಪಾಳೆ ತಟ್ಟಿತು. ಮನೆಗೆ ಓಡಿ ಹೋಗಿ, "ಅಮ್ಮಾ, ನಾನು ಹೇಳಿದ್ದು ತಪ್ಪಾಯ್ತು!" ಎಂದು ಕೂಗಿದ್ದೆ. ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

ಮುಂದೆ ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಶಿರಸಿಗೆ ಬಂದರೆ, ನಮ್ಮದೇ ಓಣಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಟೀಚರು! ಮನೆಯ ನಡುಕೋಣೆಯಲ್ಲಿ ದೊಡ್ಡ ಪರದೆಯ ಕಂಪ್ಯೂಟರು. ಅದರಲ್ಲಿ ಅವರು ವಿಮಾನ ಹಾರಿಸುವ ಆಟ ಆಡುತ್ತಿದ್ದರು. ಆಟವೆಂದರೆ ಸಿಟ್ಟು ಬರುತ್ತಿತ್ತು, ಅದಕ್ಕೆ "ಪ್ರಯಾಣ" ಅನ್ನಬೇಕು.

"ಇವತ್ತು ಎಲ್ಲಿಗೆ ಹೋಗಿದ್ರಿ ಟೀಚರೆ?"

"ಲೇಹ್‌ಗೆ ಹೋಗಿದ್ದೆ. ಇಳಿಸಾಕ ಬರಲಿಲ್ಲ, ಗುಡ್ಡಕ್ಕ ಬಡಿದೆ. ಚಹಾ ಕುಡಿದು ಮತ್ತ ಹೋಗ್ತೀನಿ."

ನಾನು ಮನೆಯಲ್ಲೇ ಕೂತು ಕಟ್ಟಡ, ಸೇತುವೆಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ನಿಜವಾದವುಗಳಂತೆ ನಿಲ್ಲಿಸಿ, ವಿಡಿಯೋ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಮೊದಲು ಸಿಕ್ಕಿದ್ದು ಮಾಗೋಡು ಕಡೆಯ ಒಂದು ಊರಿನ ಕಾಲುಸೇತುವೆ, ಉಕ್ಕಿನ ಹಗ್ಗಗಳಿಗೆ ತೂಗುವಂಥದ್ದು. ಮಳೆಗಾಲದಲ್ಲಿ ಹಳ್ಳ ಏರಿದರೆ ಆ ಊರಿನ ಮಕ್ಕಳು ಶಾಲೆ ಬಿಟ್ಟು ಮನೆಯಲ್ಲಿರಬೇಕು. ಸೇತುವೆಗೆ ಒಪ್ಪಿಗೆ ಸಿಕ್ಕಿತ್ತು. ಆದರೆ ಆಚೆ ದಡದ ಗದ್ದೆಯ ಯಜಮಾನರು ಜಾಗ ಕೊಡಲು ಒಪ್ಪುತ್ತಿರಲಿಲ್ಲ. ಕಂಬ ನಿಲ್ಲಿಸಿದರೆ ತಮ್ಮ ಗದ್ದೆಯೇ ಹೋಗುತ್ತದೆಂಬ ಹೆದರಿಕೆ. ಕಾಗದದ ನಕ್ಷೆ ನೋಡಿ ಅವರಿಗೆ ನಂಬಿಕೆ ಬಂದಿರಲಿಲ್ಲ. ಊರಿನ ಸಭೆಯಲ್ಲಿ ವಿಡಿಯೋ ತೋರಿಸಿ ಒಪ್ಪಿಸಬೇಕು, ಅಲ್ಲೂ ಆಗದಿದ್ದರೆ ಸೇತುವೆ ಬೇರೆ ಊರಿಗೆ ಹೋಗುತ್ತದೆ ಎಂದು ಕೆಲಸ ಕೊಟ್ಟ ಎಂಜಿನಿಯರು ಹೇಳಿದ್ದರು.

ಸಭೆ ಹತ್ತಿರ ಬಂತು. ನನ್ನ ಕಂಪ್ಯೂಟರು ಕೈಕೊಟ್ಟಿತು. ವಿಡಿಯೋ ತೆಗೆಯಲು ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಫ್ಯಾನು ಬೊಬ್ಬೆ ಹೊಡೆದು, ಪರದೆ ಕಪ್ಪಾಗಿ, ಎಲ್ಲ ಬಂದ್. ಚಿತ್ರ ಮೂಡಿಸುವ ಭಾರವನ್ನೆಲ್ಲ ಹೊರುವ ಗ್ರಾಫಿಕ್ಸ್ ಕಾರ್ಡು ಕಾದು ಕೆಂಡವಾಗುತ್ತಿತ್ತು. ರಿಪೇರಿ ಅಂಗಡಿಯವರಿಗೆ ಫೋನು ಮಾಡಿದರೆ, "ಕಾರ್ಡ್ ಹೋಗಿರ್ಬೇಕು ಮೇಡಂ. ಹೊಸದು ತರಿಸೂಕೆ ಹೊತ್ತು ಹಿಡೀತದೆ," ಎಂದರು. ತೊಟ್ಟಿಲಲ್ಲಿ ಮಗು ಅಳುತ್ತಿತ್ತು, ನಾನೂ ಅಳುವುದೊಂದು ಬಾಕಿ.

ಟೀಚರು ಬಂದರು. ಕೂತೂ ಇರಲಿಲ್ಲ, ಕಂಪ್ಯೂಟರ್ ಪೆಟ್ಟಿಗೆಯ ಮೈಗೆ ಗಿಣ್ಣು ತಾಗಿಸಿ, "ಬಿಸಿ ಆಗ್ತೈತಿ, ಖರೆ. ಯಾಕ ಆಗ್ತೈತಿ ಅಂತ ನಿನ್ನ ಊಹೆ ಏನು?" ಎಂದು ಕೇಳಿದರು.

"ಗೊತ್ತಿಲ್ಲ ಟೀಚರೆ. ರಿಪೇರಿ ಅಂಗಡಿಯವರು ಕಾರ್ಡೇ ಹೋಯ್ದು ಅಂದ್ರು."

"ಅದು ಅವರ ಊಹೆ, ಇರಲಿ. ನಂದೂ ಒಂದು ಐತಿ. ಈ ಮರದ ಕಪಾಟಿನೊಳಗ ತುರುಕಿ ಇಟ್ಟೀಯಲ್ಲ, ಗಾಳಿ ಆಡವಲ್ದು."

ಪೆಟ್ಟಿಗೆಯನ್ನು ಹೊರಗೆಳೆದು, ಪಕ್ಕದ ಮುಚ್ಚಳ ತೆಗೆದು, ಎದುರಿಗೆ ಟೇಬಲ್ ಫ್ಯಾನು ಇಟ್ಟೆವು. ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿಯ ಅಂಕಿ ಕಾಣುವಂತೆ ಮಾಡಿಕೊಂಡೆ. ಅದು ಮೊದಲಿನಂತೆಯೇ ಏರಿತು, ಕಂಪ್ಯೂಟರು ಮೊದಲಿನಂತೆಯೇ ನಿಂತಿತು. ಟೀಚರ ಮುಖ ಅರಳಿತು. "ನನ್ನ ಊಹೆ ತಪ್ಪಾತು! ಒಂದು ಕಳೀತು. ಈಗ ನೀ ಹೇಳು."

ನಾನು ಬಗ್ಗಿ ನೋಡಿದೆ. ಇನ್ನೊಮ್ಮೆ ಕೆಲಸಕ್ಕೆ ಹಚ್ಚಿ ನೋಡಿದಾಗ ಕಾರ್ಡಿನ ಎರಡು ಫ್ಯಾನುಗಳಲ್ಲಿ ಒಂದು ಭರ್ರೆಂದು ತಿರುಗುತ್ತಿತ್ತು, ಇನ್ನೊಂದು ಸುಮ್ಮನೆ ನಡುಗುತ್ತಿತ್ತು. ವಿದ್ಯುತ್ ತಂತಿ ಕಿತ್ತು, ಆರಲು ಬಿಟ್ಟು, ಕಾರ್ಡನ್ನು ಹೊರತೆಗೆದೆವು. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಮಣ್ಣಿನ ಗೂಡು! ನಾನು ತವರಿನಲ್ಲಿದ್ದ ಅಷ್ಟೂ ಕಾಲ ಕಂಪ್ಯೂಟರು ಸುಮ್ಮನಿತ್ತಲ್ಲ, ಕುಂಬಾರ ಹುಳ ಒಳಗೆ ಬಂದು ಸಂಸಾರ ಹೂಡಿತ್ತು.

"ನಿನ್ನಂಗ ಅದೂ ಬಾಣಂತನ ಮಾಡ್ಕೊಂಡು ಹೋಗೇತಿ," ಎಂದು ಟೀಚರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಷ್ಟು ಹೊತ್ತಿನ ಮೇಲೆ ನಾನೂ ನಕ್ಕೆ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೂಡನ್ನು ಕೆರೆದು ತೆಗೆದು, ಕಾರ್ಡು ಕೂರಿಸಿ ನೋಡಿದರೆ ಎರಡೂ ಫ್ಯಾನು ತಿರುಗಿದವು. ಅಂಕಿ ನಿಧಾನಕ್ಕೆ ಏರಿತು. ನಾನು ಕುಣಿಯುವುದರಲ್ಲಿದ್ದೆ. ಟೀಚರು ಪರದೆಯಿಂದ ಕಣ್ಣು ಕೀಳಲಿಲ್ಲ. "ಕಡಿಮಿ ಆಗೇತಿ. ಸರಿ ಆಗಿಲ್ಲ," ಎಂದರು. ಹೌದು, ಅಂಕಿ ಏರುತ್ತಲೇ ಹೋಗಿ ಮತ್ತೆ ಪರದೆ ಕಪ್ಪಾಯಿತು.

ಉಳಿದದ್ದು ಒಂದೇ. ಕಾರ್ಡಿನ ಮಿದುಳಾದ ಚಿಪ್ಪಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸಲು ನಡುವೆ ಪೇಸ್ಟ್ ಸವರಿರುತ್ತಾರೆ, ಅದು ಒಣಗಿರಬೇಕು. ನೋಡಬೇಕಾದರೆ ಕಾರ್ಡನ್ನೇ ಬಿಚ್ಚಬೇಕು. ಚಿಪ್ಪಿಗೆ ಪೆಟ್ಟಾದರೆ ಸಭೆಯೂ ಇಲ್ಲ, ಸೇತುವೆಯೂ ಇಲ್ಲ. ನಾನು ಸ್ಕ್ರೂಡ್ರೈವರನ್ನು ಟೀಚರ ಕೈಗೆ ಕೊಡಹೋದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಕೆಲಸ ನಿಂದು. ಕೈನೂ ನಿಂದ ಇರಲಿ."

"ಹಾಳಾದ್ರೆ ಎಂತ ಮಾಡುದು ಟೀಚರೆ?"

"ಹಾಳಾದ್ರ ನನ್ನ ಕಾರ್ಡು ಕಿತ್ತು ತರೂಣು. ವಿಮಾನ ಸ್ವಲ್ಪ ದಿನ ನೆಲದ ಮ್ಯಾಲಿರ್ತೈತಿ. ಬಿಚ್ಚು."

ಸ್ಕ್ರೂಡ್ರೈವರನ್ನು ನಾನೇ ಹಿಡಿದೆ. ಒಂದೊಂದೇ ಸ್ಕ್ರೂ ಬಿಚ್ಚಿ, ಲೋಹವನ್ನು ಮೆಲ್ಲಗೆ ಎಬ್ಬಿಸಿದೆ. ಪೇಸ್ಟು ಗೋಡೆಯ ಹಳೆ ಸುಣ್ಣದಂತೆ ಒಣಗಿ ಬಿರುಕುಬಿಟ್ಟಿತ್ತು. ರಿಪೇರಿ ಅಂಗಡಿಯವರಿಗೆ ಮತ್ತೆ ಫೋನು ಮಾಡಿ ಹೇಳಿದೆ. ಅವರೇ ಸ್ಕೂಟರಿನಲ್ಲಿ ಪೇಸ್ಟು ಹಿಡಿದು ಬಂದರು. "ನಾ ಬಂದು ಬಿಚ್ಚಿ ನೋಡ್ಬೇಕಿತ್ತು," ಎಂದವರಿಗೆ ಟೀಚರು, "ನಿಮ್ಮ ಊಹೆನೂ ಒಂದು ದಾರಿ ಮುಚ್ಚೇತಿ, ಕುಂದರ್ರಿ, ಚಹಾ ಕುಡೀರಿ," ಎಂದು ಸ್ಟೂಲು ಎಳೆದು ಕೊಟ್ಟರು. ಚಿಪ್ಪನ್ನು ಸ್ಪಿರಿಟ್ಟಿನಿಂದ ಒರೆಸಿ ಪೇಸ್ಟು ಸವರಿ, ಎಲ್ಲ ಜೋಡಿಸಿದ್ದು ನಾನೇ. ಈ ಸಲ ಅಂಕಿ ಎಪ್ಪತ್ತರ ಹತ್ತಿರ ಬಂದು ಅಲ್ಲೇ ನಿಂತಿತು. ಪರದೆಯ ಮೇಲೆ ಸೇತುವೆ ಹಗ್ಗದಿಂದ ಹಗ್ಗಕ್ಕೆ ಮೂಡುತ್ತ ಹೋಯಿತು. ನಾವು ಮೂವರೂ ನೋಡುತ್ತ ಕೂತೆವು.

ಸಭೆಗೆ ಟೀಚರು ಬರಲಿಲ್ಲ. "ನಿನ್ನ ಸಭೆ," ಎಂದರು. ವಿಡಿಯೋದಲ್ಲಿ ಆಚೆ ದಡದ ಕಂಬ ನಿಂತಾಗ ಗದ್ದೆಯ ಯಜಮಾನರು ಎದ್ದು ಪರದೆಯ ಹತ್ತಿರಕ್ಕೇ ಹೋದರು. "ಇನ್ನೊಂದ್ಸಲ ತೋರ್ಸಿ," ಎಂದರು. ತೋರಿಸಿದೆ. "ಇಷ್ಟೇ ಜಾಗ ಸಾಕಾ? ನಾ ಇಡೀ ಗದ್ದೆ ಹೋಗ್ತದೆ ಅಂದ್ಕಂಡಿದ್ದೆ. ಹಾಂಗಾರೆ ತಗಳಿ, ನನ್ನ ಮೊಮ್ಮಗಳೂ ಅದೇ ದಾರೀಲಿ ಹೋಗೂದು." ಹೊರಗೆ ಬಂದು ಟೀಚರಿಗೆ ಫೋನು ಮಾಡಿದೆ. ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.

ಟೀಚರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಪಾಠ ಮಾಡಿದ ಊರೂರುಗಳಿಂದ ಜನ ಬಂದು ಓಣಿ ತುಂಬಿತ್ತು. ನನ್ನ ಕೆಲಸ ಈಗ ಯಲ್ಲಾಪುರದಾಚೆಗೂ ಬೆಳೆದಿದೆ. ಯಂತ್ರ ಕೆಟ್ಟರೆ ಎದೆ ಹೊಡೆದುಕೊಳ್ಳುವುದಿಲ್ಲ. ಆ ಧೈರ್ಯ ಅವರು ಕೊಟ್ಟದ್ದು, ಅವರಿಗೆ ತಿರುಗಿ ಕೊಡಲು ಬರುವಂಥದ್ದಲ್ಲ. ಆದರೆ ಅವರೆಂದರೆ ನನಗೆ ಕಣ್ಣಿಗೆ ಕಟ್ಟುವುದು ಸೇತುವೆ ಓಡಾಟಕ್ಕೆ ತೆರೆದ ಬೆಳಗ್ಗೆ. ಅವತ್ತು ಕರೆಯದೆಯೇ ಬಂದಿದ್ದರು. ಸೇತುವೆಯ ನಡುಮಧ್ಯಕ್ಕೆ ಬಂದು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ನಿಂತರು. ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿತ್ತು. ಚೀಲ ಹೊತ್ತ ಮಕ್ಕಳು ಓಡಿ ಬರುತ್ತಿದ್ದರು. ಮೊದಲು ಬಂದ ಹುಡುಗಿಗೆ ಟೀಚರು ಹೇಳಿದರು: "ಈ ಸೇತುವಿ ಚಿತ್ರ ಮಾಡಿದಾಕಿ ಈಕಿ. ನನ್ನ ಶಾಲಿ ಹುಡುಗಿ." ಅವಳು ನಿಲ್ಲಲಿಲ್ಲ, ಶಾಲೆಗೆ ಹೊತ್ತಾಗಿತ್ತು. ಟೀಚರು ಬೇಸರ ಮಾಡಿಕೊಳ್ಳದೆ, ಹಿಂದೆ ಬಂದವನಿಗೂ ಅದನ್ನೇ ಹೇಳಿದರು. ಅವನ ಹಿಂದಿನವಳಿಗೂ ಹೇಳಿದರು. ನಾನು ನಾಚಿ ತೋಳು ಬಿಡಿಸಿಕೊಳ್ಳಲು ನೋಡಿದೆ. ಕೊನೆಯ ಮಗು ದಾಟುವವರೆಗೂ ಅವರು ಬಿಡಲಿಲ್ಲ.