ಕೂಸಿನ ಪಕ್ಕದ ಹಾಸಿಗೆ

ಚಟ್ನಿಪುಡಿಗೆಂದು ಅಗಸೆ ಹುರಿಯುತ್ತಿದ್ದೆ. ಕಾಳು ಚಟಪಟ ಸಿಡಿಯತೊಡಗಿದಾಗಲೇ ಗಂಡನ ಫೋನು ಬಂತು. ದಾದರಿನಲ್ಲಿ ಲೋಕಲ್ ರೈಲು ಇಳಿದವರು ನನ್ನ ತವರಿನ, ಒಂಟಿಕೋಣೆ ಮನೆಗಳ ಚಾಳಿನ ಮುಂದೆ ಹಾದುಹೋಗಿದ್ದರಂತೆ. “ಪೂರಾ ಕೆಡವ್ಯಾರ ನೋಡು, ಒಂದು ಗ್ವಾಡಿನೂ ಉಳದಿಲ್ಲ,” ಎಂದರು. ಉರಿ ಆರಿಸಿ ಅಲ್ಲೇ ನಿಂತೆ. ಹುರಿದ ಅಗಸೆಯ ಆ ಎಣ್ಣೆಗಂಪು ಬೊರಿವಲಿಯ ಅಡುಗೆಮನೆಯಿಂದ ನನ್ನನ್ನು ಎತ್ತಿ ನೇರ ಅಜ್ಜಿಯ ಸ್ಟೋವಿನ ಮುಂದೆ ಕೂರಿಸಿತು. ಮೂರನೆಯ ಮಾಳಿಗೆ, ಒಂದೇ ಖೋಲಿ. ಅಪ್ಪ, ಅವ್ವ, ಅಜ್ಜಿ, ನಾನು, ತಮ್ಮ ದಾನಿಯೇಲ. ಜಾಗ ಸಾಲದಿದ್ದರೂ ಪ್ರಾರ್ಥನೆಗೆ ಬಂದವರಿಗೆಲ್ಲ ಚಾಪೆ ಸಿಗುತ್ತಿತ್ತು. ನಿಮಗೂ ಇಂಥದೊಂದು ಖೋಲಿ ಇದ್ದೀತು, ಈಗ ಇಲ್ಲದೆಯೂ ಇದ್ದೀತು.

ದಾನಿಗೆ ದಮ್ಮಿನ ಕಾಯಿಲೆ. ಉಸಿರು ಸಿಕ್ಕಿಕೊಂಡಾಗ ಅವನ ಎದೆ ಹಾರ್ಮೋನಿಯಂನ ತಿದಿಯಂತೆ ಎದ್ದೆದ್ದು ಬೀಳುತ್ತಿತ್ತು. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳಲು ಡಾಕ್ಟರು ಕೊಟ್ಟ ಪಂಪು ಕಪಾಟಿನ ಮೇಲೆ, ಬೈಬಲಿನ ಪಕ್ಕದಲ್ಲೇ ಇರುತ್ತಿತ್ತು. ನಿದ್ದೆಗೆಟ್ಟು ಸೋತಿದ್ದ ಅವ್ವ ಯಾರು ಏನು ಹೇಳಿದರೂ ನಂಬುವ ಸ್ಥಿತಿಯಲ್ಲಿದ್ದಳು. ಅಂಥ ಒಂದು ಭಾನುವಾರ ಮಧ್ಯಾಹ್ನ, ತಾನು ಪ್ರವಾದಿ ಎನ್ನುವವನೊಬ್ಬ ನಮ್ಮ ಮನೆಯ ಪ್ರಾರ್ಥನೆಗೆ ಬಂದ. ಬಿಳಿ ಬೂಟು, ಖೋಲಿ ತುಂಬ ಅತ್ತರು. ಕಣ್ಣು ಮುಚ್ಚಿ, “ಇಲ್ಲಿ ಯಾರಿಗೋ ಮೊಣಕಾಲು ನೋವಿದೆ ಎಂದು ಕರ್ತನು ನನಗೆ ತೋರಿಸುತ್ತಿದ್ದಾನೆ,” ಎಂದ. ಅಜ್ಜಿ ನನ್ನ ಕಿವಿಯಲ್ಲಿ, “ಮೂರು ಮಾಳಗಿ ಹತ್ತಿ ಬಂದ ಮ್ಯಾಲ ಯಾರಿಗಿಲ್ಲವ್ವಾ?” ಎಂದಳು. ನಗು ತಡೆಯಲು ನಾನು, ಸೆರಗಿಲ್ಲವಲ್ಲ, ಫ್ರಾಕಿನ ಅಂಚನ್ನೇ ಬಾಯಿಗೆ ತುರುಕಿಕೊಂಡೆ.

ಆದರೆ ಆತ ದಾನಿಯ ತಲೆಯ ಮೇಲೆ ಕೈಯಿಟ್ಟಾಗ ನಗು ಹೋಯಿತು. ಮಗು ಗುಣವಾಗಿದೆ, ಇನ್ನು ಔಷಧಿ ಮುಟ್ಟಿದರೆ ಅದು ಅವಿಶ್ವಾಸ, ಪಂಪನ್ನು ತನ್ನ ಕೈಗೆ ಕೊಡಿ ಎಂದ. ಅವ್ವ ಅಳುತ್ತ ಎದ್ದು ಕೊಟ್ಟೇಬಿಟ್ಟಳು. ಅದು ಅವನ ಜೇಬು ಸೇರಿತು.

ಅಜ್ಜಿ ಗದಗಿನ ಕಡೆಯವಳು. ಜಗಳವಾಡಲಿಲ್ಲ. ಮೂಲೆಯ ಹಾಸಿಗೆ ಬಿಚ್ಚಿ ದಾನಿಯ ಹಾಸಿಗೆಗೆ ತಾಗಿಸಿ ಹಾಸಿದಳು. “ಛಲೋ ಆತ್ರಿ. ಇವತ್ತು ಇಲ್ಲೇ ಕೂಸಿನ ಮಗ್ಗಲಾಗ ಮಕ್ಕೋರಿ. ದಮ್ಮು ಹತ್ತಿದ್ರ ನೀವ ಎಬ್ಬಿಸಿ ಪ್ರಾರ್ಥನಾ ಮಾಡೀರಿ.”

“ಆಗಲ್ಲ ಅಜ್ಜಿ, ಪವಾಯಿಯಲ್ಲಿ ಇನ್ನೊಂದು ಕೂಟವಿದೆ. ವಿಶ್ವಾಸ ಇದ್ದರೆ ನಾನು ಇರಬೇಕಾಗಿಲ್ಲ.”

“ನಮ್ಮ ಕಡೆ ರಾತ್ರಿ ಹೊಲದಾಗ ಕುರಿ ತರುಬಿ ನಿಲ್ಲಿಸಿದ್ರ ಕುರುಬ ಅಲ್ಲೇ ಕಂಬಳಿ ಹೊಚ್ಚಿಕೊಂಡು ಮಕ್ಕೋತಾನ್ರಿ. ತೋಳ ಬರೋ ಹೊತ್ತಿಗೆ ಎದ್ದು ಹೋಗಾಂವಗ ಕುರುಬ ಅನ್ನೂದಿಲ್ಲ. ಪಂಪು ಇಟ್ಟು ಹೋಗ್ರಿ.”

ಆತ ಇಟ್ಟ. ಹೊರಟವನ ಕೈಗೆ ಅಜ್ಜಿ ರೊಟ್ಟಿ, ಅಗಸೆ ಚಟ್ನಿ ಕಟ್ಟಿಕೊಟ್ಟಳು. “ಹಸಿವು ಖರೇ ಇತ್ತು ಪಾಪ,” ಎಂದಳು. ದೇವರ ಸೇವಕನನ್ನು ಓಡಿಸಿದಿರಿ ಎಂದು ಅವ್ವ ಮುಖ ತಿರುಗಿಸಿ ಕೂತಳು. ದೀಪ ಹಚ್ಚುವ ಹೊತ್ತಿಗೆ ದಾನಿಯ ಉಸಿರು ಸಿಕ್ಕಿಕೊಂಡಿತು, ತುಟಿ ನೀಲಿಗಟ್ಟಿತು. ಪಂಪಿಗೆ ಮೊದಲು ಓಡಿದವಳು ಅವ್ವನೇ. ಅಜ್ಜಿ ಅವನ ಬೆನ್ನು ನೀವುತ್ತ, “ಈ ಪಂಪನ್ನೂ ನೀನ ಕೊಟ್ಟೀಯಪ್ಪಾ ದೇವ್ರೇ, ಸ್ತೋತ್ರ,” ಎಂದಳು. ಅವನು ಸರಾಗವಾಗಿ ಉಸಿರಾಡಿದ ಮೇಲೆ ಅವ್ವನಿಗೆ ಇಷ್ಟೇ ಹೇಳಿದಳು: “ಫಲ ನೋಡಿ ಪ್ರವಾದಿ ಗುರುತು ಹಿಡೀರಿ ಅಂದಾನ ಸ್ವಾಮಿ ಬೈಬಲಿನಾಗ. ನಾವು ಹೂವಿಗೇ ಮರುಳಾಗತೇವಿ.”

ಪ್ರವಾದಿಗೆಂದು ಹಾಸಿದ ಆ ಹಾಸಿಗೆಯನ್ನು ಅಜ್ಜಿ ಮತ್ತೆ ಮೂಲೆಗೆ ಒಯ್ಯಲಿಲ್ಲ. ದಾನಿಗೆ ಮೀಸೆ ಬರುವ ತನಕ ತಾನೇ ಅಲ್ಲಿ ಮಲಗಿದಳು, ಒಂದು ಕೈ ಅವನ ಎದೆಯ ಮೇಲೆ. ಈಗ ಅವನು ಚರ್ಚಿನ ಗಾಯನ ತಂಡದಲ್ಲಿ ಉಳಿದವರು ಉಸಿರಿಗೆಂದು ನಿಲ್ಲಿಸಿದ ಮೇಲೂ ಸ್ವರ ಎಳೆಯುತ್ತಾನೆ. ಕಾಯರ್ ಮಾಸ್ತರರು ಬೈಯುತ್ತಾರೆ. ಬೈಗುಳ ಕೇಳಿದಾಗಲೆಲ್ಲ ನಾನು ಮನಸ್ಸಿನಲ್ಲೇ ಸ್ತೋತ್ರ ಎನ್ನುತ್ತೇನೆ. ಅಜ್ಜಿ ಹೋದಳು, ಅವ್ವನೂ ಹೋದಳು, ಇಂದು ಆ ಹಾಸಿಗೆ ಹಾಸಿದ್ದ ನೆಲವೂ ಹೋಯಿತು. ಅವನ ಎದೆಯ ಮೇಲಿದ್ದ ಆ ಕೈ ಹೋಯಿತು ಎಂದು ಮಾತ್ರ ನನಗೆ ಯಾವತ್ತೂ ಅನ್ನಿಸಿಲ್ಲ.

ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಕಣ್ಣೊರೆಸಿಕೊಂಡು ಬಕೆಟ್ ಇಡಲು ಹೋದೆ.